ಮೇಲಿನ ನ್ಯಾಯಾಸನವೂ ನಾಡುಗಳ ಒಕ್ಕಟ್ಟೂ
(ಕೋಲಸಿರ್ಸಿಯಲ್ಲಿ ಮಾಡಿದ ಭಾಷಣ)



ನಾಡುಗಳು ಕೂಡುವುದು ಒಡಂಬಡಿಕೆಯಿಂದ. ಆ ಒಡಂಬಡಿಕೆಯು ಜನರ ಬಾಳಿಗಿಳಿಯುವುದು ನ್ಯಾಯಾಸನದಿಂದ. ಇದಕ್ಕೆ ಯುರೋಪವೇ ಸಾಕ್ಷಿ.

ಮಹಾಯುದ್ಧದಲ್ಲಿ ಬೆಂದು ಬಳಲಿದ್ದ ಫ್ರಾನ್ಸು, ಪಶ್ಚಿಮ ಜರ್ಮನಿ, ಇಟಲಿ ಮೊದಲಾದ 6 ದೇಶಗಳು 1952ರಲ್ಲಿ ತಮ್ಮೆಲ್ಲರಿಗೂ ಮೇಲಾದ ಒಂದು ನ್ಯಾಯಾಸನವನ್ನು ಲಕ್ಸೆಂಬರ್ಗಿನಲ್ಲಿ ಸ್ಥಾಪಿಸಿದವು. ಹತ್ತು ವರ್ಷಗಳ ತರುವಾಯ ಇಟಲಿಯ ಸರಕಾರವು ವಿದ್ಯುತ್ ಉದ್ಯಮವನ್ನು ರಾಷ್ಟ್ರದ ಸ್ವತ್ತಾಗಿ ಮಾಡಿತು. ಇದು ಒಡಂಬಡಿಕೆಗೆ ವಿರುದ್ಧವೆಂದು ಮಿಲಾನಿನ ಕೋಸ್ತಾ ಎಂಬ ವಕೀಲನು ತನ್ನ ಸಣ್ಣ ವಿದ್ಯುತ್ ಬಿಲ್ಲನ್ನು ಕೊಡಲೊಲ್ಲೆನೆಂದನು. ಆ ಊರಿನ ಕೆಳಗಿನ ಕೋರ್ಟೇ ಲಕ್ಸೆಂಬರ್ಗಿಗೆ ಪ್ರಶ್ನೆಯನ್ನು ಕಳುಹಿತು. ಒಡಂಬಡಿಕೆಯ ಕಾನೂನು ಒಂದೊಂದು ದೇಶದ ಕಾನೂನಿಗಿಂತ ಮೇಲೆಂದು 1964ರಲ್ಲಿ ಉತ್ತರ ಬಂದಿತು. ಸೈನ್ಯವಿಲ್ಲದ ಆ ನ್ಯಾಯಾಸನಕ್ಕೆ ಬಲವೆಲ್ಲಿಂದ? ಸಾಮಾನ್ಯನ ದೂರು ಅಲ್ಲಿಗೆ ಮುಟ್ಟುವುದರಿಂದ. ಕೆಳಗಿನ ಕೋರ್ಟುಗಳು ಅದರ ಮಾತನ್ನು ನಡೆಸುವುದರಿಂದ. ಇಂದು ಅಲ್ಲಿ 24 ಭಾಷೆಗಳಲ್ಲಿ ಯಾವುದರಲ್ಲಾದರೂ ವ್ಯಾಜ್ಯವನ್ನು ನಡೆಸಬಹುದು.

ಆಳುವವರು ಮಣಿಯದಿದ್ದರೆ ಏನಾಗುವುದೆಂಬುದನ್ನು ಆಫ್ರಿಕದ ದಕ್ಷಿಣ ಭಾಗವು ತೋರಿಸಿತು. ಅಲ್ಲಿನ ದೇಶಗಳ ಒಕ್ಕೂಟದ ನ್ಯಾಯಮಂಡಲಿಯು 2008ರಲ್ಲಿ ಜಮೀನಿನ ವ್ಯಾಜ್ಯವೊಂದರಲ್ಲಿ ಜಿಂಬಾಬ್ವೆಯ ವಿರುದ್ಧ ತೀರ್ಪಿತ್ತಿತು. ಆ ಸರಕಾರವು ಅದನ್ನು ಒಪ್ಪಲಿಲ್ಲ; 2010ರಲ್ಲಿ ಒಕ್ಕೂಟದ ನಾಯಕರು ನ್ಯಾಯಮಂಡಲಿಯನ್ನೇ ಅಮಾನತ್ತಿನಲ್ಲಿಟ್ಟರು.

ಇನ್ನು ನಮ್ಮ ಮನೆಯ ಕಡೆಗೆ ನೋಡೋಣ. ನಮ್ಮದು ಬೇರೆ ಬೇರೆ ದೇಶಗಳ ಕೂಟವಲ್ಲ, ಒಂದೇ ದೇಶ. ಆದರೂ ಪಾಠವು ಒಂದೇ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಅಂದಿನಿಂದ ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಕನ್ನಡಿಗನು ಹೈಕೋರ್ಟಿನ ನ್ಯಾಯಕ್ಕಾಗಿ ಮುಂಬಯಿಯ ದಾರಿ ಹಿಡಿಯಬೇಕಾಯಿತು. ಆ ಬಂಧನವು ಕಳಚಿದ್ದು ತೀರ್ಪಿನಿಂದಲ್ಲ, ಜನರ ಹಟದಿಂದ. 1956ರ ನವೆಂಬರ 1ರ ಏಕೀಕರಣದಿಂದ. ಆಮೇಲೆ ಬೆಂಗಳೂರಿನ ದಾರಿ ಬಂದಿತು. 2008ರಲ್ಲಿ ಸಂಚಾರಿ ಪೀಠವು ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆಯಿತು. ಅರ್ಧ ಶತಮಾನ ಕಳೆದ ಮೇಲೆ ನ್ಯಾಯಾಸನವು ನಮ್ಮ ಹತ್ತಿರಕ್ಕೆ ಬಂದಿತು!

ಹತ್ತಿರವಾದರೆ ಸಾಲದು, ಅದರ ಮಾತು ನಮಗೆ ತಿಳಿಯಲೂ ಬೇಕು. ಸಂವಿಧಾನದ 348ನೆಯ ಅನುಚ್ಛೇದವು ಹೈಕೋರ್ಟಿನ ಭಾಷೆ ಇಂಗ್ಲಿಷೆಂದು ವಿಧಿಸಿದೆ. ಆದರೆ ರಾಷ್ಟ್ರಪತಿಗಳ ಸಮ್ಮತಿಯಿಂದ ರಾಜ್ಯದ ಭಾಷೆಯಲ್ಲಿ ಕಲಾಪ ನಡೆಸಲು ದಾರಿಯನ್ನೂ ಇಟ್ಟಿದೆ. ಆ ದಾರಿಯನ್ನು ತೆರೆಯಿಸುವುದು ನಮ್ಮ ಕೆಲಸ. ತೋಟದ ದಾವೆಯನ್ನು ಗೆದ್ದ ರೈತನು ತಾನು ಗೆದ್ದುದು ಹೇಗೆಂಬುದನ್ನು ಇನ್ನೊಬ್ಬರಿಂದ ಓದಿಸಿಕೊಂಡು ತಿಳಿಯಬೇಕಾದರೆ, ನಾಡು ಕೂಡಿದ್ದರೂ ನ್ಯಾಯವು ಕೂಡಲಿಲ್ಲವೆಂದೇ ಹೇಳಬೇಕು.

ಶಿಕ್ಷಕರೇ, ಈ ಮಾತನ್ನು ನಿಮ್ಮ ಮಕ್ಕಳ ಕಿವಿಗೆ ಮುಟ್ಟಿಸಿರಿ. ಇಷ್ಟೇ ನನ್ನ ಬಿನ್ನಹ.