ಹಿಮದಡಿಯ ಕಲ್ಲು, ನಮ್ಮೂರ ಕಲ್ಲು



ಗುಂಡ್ಲುಪೇಟೆ ಕಡೆ ಹೋದವರಿಗೆಲ್ಲ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಗೊತ್ತು. ಬೆಳಗಿನ ಹೊತ್ತು ಮೇಲೆ ನಿಂತರೆ ಪಕ್ಕದಲ್ಲಿರೋರ ಮುಖ ಕಾಣೋದಿಲ್ಲ, ಅಂಥಾ ಮಂಜು. ಹೆಸರಿನಲ್ಲಿ ಹಿಮ ಇದೆ, ಆದರೆ ಒಂದು ಹಿಡಿ ಹಿಮ ಬಿದ್ದದ್ದನ್ನು ಅಲ್ಲಿ ಯಾರೂ ನೋಡಿಲ್ಲ. ಈ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1454 ಮೀಟರ್. ಈಗ ಇದನ್ನು ಎತ್ತಿ ಅಂಟಾರ್ಕ್ಟಿಕಾದ ನೆಲದ ಮೇಲೆ ಇಟ್ಟಿರಿ ಅಂತ ಅಂದುಕೊಳ್ಳಿ. ಬೆಟ್ಟ ಕಾಣೋದಿಲ್ಲ! ಯಾಕಂದ್ರೆ ಅಲ್ಲಿ ನೆಲವನ್ನು ಮುಚ್ಚಿರುವ ಮಂಜುಗಡ್ಡೆಯ ಸರಾಸರಿ ದಪ್ಪವೇ ಸುಮಾರು 2 ಸಾವಿರ ಮೀಟರ್. ದೇವಸ್ಥಾನ, ಗೋಪುರ ಎಲ್ಲಾ ಒಳಗೆ. ಕೆಲವು ಕಡೆಯಂತೂ ಅದರ ದಪ್ಪ 4 ಕಿಲೋಮೀಟರ್ ದಾಟುತ್ತದೆ.

ಆ ಖಂಡದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿಲೋಮೀಟರ್, ನಮ್ಮ ದೇಶದ ನಾಲ್ಕು ಪಟ್ಟಿಗೂ ಹೆಚ್ಚು. 1983ರ ಜುಲೈ 21ರಂದು ಅಲ್ಲಿನ ವೊಸ್ಟಾಕ್ ಕೇಂದ್ರದಲ್ಲಿ ದಾಖಲಾದ ಉಷ್ಣಾಂಶ ಸೊನ್ನೆಗಿಂತ 89.2 ಡಿಗ್ರಿ ಕೆಳಗೆ. ಅಲ್ಲಿ ಊರಿಲ್ಲ, ಓಟರ್ ಲಿಸ್ಟ್ ಇಲ್ಲ, ಎಂಎಲ್ಎ ಇಲ್ಲ.

ಇದನ್ನೆಲ್ಲ ಒಮ್ಮೆ ಕಾರ್ಯಕ್ರಮದಲ್ಲಿ ಹೇಳಿದಾಗ ಗುಂಡ್ಲುಪೇಟೆ ಕಡೆಯ ವೀಕ್ಷಕರೊಬ್ಬರು ಫೋನ್ ಮಾಡಿದರು. "ಅದೆಲ್ಲ ನಮ್ಗ್ಯಾಕ ಸಾ? ನಮ್ಮೂರ ಕಲ್ಲುಗಣಿ ವಿಚಾರ ಮಾತಾಡಿ ಸಾ" ಅಂದರು. ನ್ಯಾಯವಾದ ಮಾತು. ಆದರೆ ನಾನು ಹೇಳೋದು ಇಷ್ಟೇ, ಇವೆರಡೂ ಬೇರೆ ಬೇರೆ ವಿಚಾರ ಅಲ್ಲ. ಕೇಳಿ.

ಕಲ್ಲಿನಿಂದಲೇ ಶುರು ಮಾಡೋಣ. ಬಿಳಿಗಿರಿರಂಗನ ಬೆಟ್ಟದಲ್ಲಿ ಚಾರ್ನಕೈಟ್ ಅನ್ನೋ ಗಟ್ಟಿ ಕಲ್ಲಿದೆ. ಭೂಮಿಯ ಆಳದಲ್ಲಿ ಬೆಂದು ಮೇಲೆ ಬಂದ ಕಲ್ಲು ಅದು. ಅದೇ ಜಾತಿಯ ಕಲ್ಲು ಪೂರ್ವ ಅಂಟಾರ್ಕ್ಟಿಕಾದಲ್ಲೂ ಇದೆ. ಒಂದು ಕಾಲದಲ್ಲಿ ಭಾರತ, ಅಂಟಾರ್ಕ್ಟಿಕಾ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಎಲ್ಲವೂ ಒಟ್ಟು ಕುಟುಂಬ. ಆ ಕುಟುಂಬಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಗೋಂಡ್ವಾನ, ನಮ್ಮ ಮಧ್ಯಭಾರತದ ಗೋಂಡರ ನಾಡಿನ ಹೆಸರು. ಸುಮಾರು 13 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಅಂಟಾರ್ಕ್ಟಿಕಾ ಪಾಲು ಮಾಡಿಕೊಂಡು ಬೇರೆಯಾದವು. ನಾವು ಉತ್ತರಕ್ಕೆ ಬಂದೆವು, ಅದು ದಕ್ಷಿಣದಲ್ಲೇ ಉಳಿದು ಹೆಪ್ಪುಗಟ್ಟಿತು.

ಇದಕ್ಕೆ ಸಾಕ್ಷಿ ಹೊತ್ತು ತಂದವರು ಅದಕ್ಕಾಗಿ ಕೊಟ್ಟ ಬೆಲೆ ನೋಡಿ. 1911ರ ಡಿಸೆಂಬರ್ 14ರಂದು ನಾರ್ವೆಯ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದರು. ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್ ತಲುಪಿದ್ದು 1912ರ ಜನವರಿ 17ಕ್ಕೆ, ಅಂದರೆ ತಿಂಗಳು ತಡವಾಗಿ. ವಾಪಸ್ ಬರುವಾಗ ಐವರೂ ಸತ್ತರು. ಊಟವಿಲ್ಲ, ಎಣ್ಣೆಯಿಲ್ಲ, ಕಾಲು ಕೊಳೆಯುತ್ತಿದೆ. ಆದರೂ ಸುಮಾರು 16 ಕಿಲೋ ಕಲ್ಲನ್ನು ಅವರು ಗಾಡಿಯಿಂದ ಕೆಳಗಿಳಿಸಲಿಲ್ಲ. ಆಮೇಲೆ ಶವಗಳ ಜೊತೆ ಸಿಕ್ಕ ಆ ಕಲ್ಲುಗಳಲ್ಲಿ ಒಂದು ಎಲೆಯ ಅಚ್ಚಿತ್ತು. ಗ್ಲಾಸೋಪ್ಟೆರಿಸ್ ಅನ್ನುವ ಗಿಡದ್ದು. ಅದೇ ಗಿಡದ ಎಲೆಯಚ್ಚು ನಮ್ಮ ದೇಶದ ಕಲ್ಲಿದ್ದಲಿನ ಪದರಗಳಲ್ಲೂ ಇದೆ. ರಾಯಚೂರಿನ ಸ್ಥಾವರದಲ್ಲಿ ಉರಿಯುವ ಸಿಂಗರೇಣಿ ಕಲ್ಲಿದ್ದಲು ಆ ಗೋಂಡ್ವಾನ ಕಾಡಿನದೇ. ನಿಮ್ಮ ಮನೆಯ ಬಲ್ಬಿಗೂ ಸ್ಕಾಟ್ ಹೊತ್ತ ಕಲ್ಲಿಗೂ ಹೀಗೆ ನೆಂಟಸ್ತನ ಇದೆ ಸ್ವಾಮಿ!

ಹಾಗಾದರೆ ಅಂಟಾರ್ಕ್ಟಿಕಾದಲ್ಲೂ ಕಲ್ಲಿದ್ದಲು ಇದೆಯಾ? ಇದೆ. ಕಬ್ಬಿಣದ ಅದಿರೂ ಇದೆ. ಹಾಗಿದ್ದರೆ ಇಷ್ಟು ಹೊತ್ತಿಗೆ ಅಗೆದು ಹಾಕಿರಬೇಕಿತ್ತಲ್ಲ? ಯಾಕೆ ಅಗೆದಿಲ್ಲ? ಚಳಿ ಅಂತ ಮಾತ್ರ ಅಲ್ಲ. ಬೇಡ ಅಂತ ಮನುಷ್ಯರೇ ಕೂತು ತೀರ್ಮಾನ ಮಾಡಿದ್ದಾರೆ.

ಏಳು ದೇಶಗಳು ಆ ಖಂಡದ ಮೇಲೆ ತಮ್ಮ ಹಕ್ಕು ಸಾಧಿಸಿದ್ದವು. ಅಮೆರಿಕ, ಸೋವಿಯತ್ ರಷ್ಯಾ ಒಬ್ಬರಿಗೊಬ್ಬರು ಬಾಂಬ್ ತೋರಿಸುತ್ತಿದ್ದ ಕಾಲದಲ್ಲೇ, 1959ರ ಡಿಸೆಂಬರ್ 1ರಂದು, 12 ದೇಶಗಳು ಒಂದೇ ಕಾಗದಕ್ಕೆ ಸಹಿ ಹಾಕಿದವು. ಸೈನಿಕ ನೆಲೆ ಬೇಡ, ಅಣುಸ್ಫೋಟ ಬೇಡ, ಹಕ್ಕಿನ ಜಗಳ ಪಕ್ಕಕ್ಕಿಡೋಣ, ವಿಜ್ಞಾನ ಮಾಡೋಣ ಅಂತ. ಭಾರತ ತಡವಾಗಿ ಹೋದರೂ ಗಟ್ಟಿಯಾಗಿ ಹೋಯಿತು. 1981ರ ಡಿಸೆಂಬರ್‌ನಲ್ಲಿ ಡಾ. ಖಾಸಿಂ ನೇತೃತ್ವದ 21 ಜನ ಗೋವಾದಿಂದ ಹೊರಟು, 1982ರ ಜನವರಿ 9ರಂದು ಅಲ್ಲಿ ಇಳಿದರು. 1983ರಲ್ಲಿ ನಾವು ಒಪ್ಪಂದಕ್ಕೆ ಸೇರಿದೆವು. ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ ಮಂಜಿನಲ್ಲೇ ಹೂತುಹೋಯಿತು. ಈಗ ಬಂಡೆಯ ಮೇಲೆ ಮೈತ್ರಿ ಇದೆ, 2012ರಿಂದ ಭಾರತಿ ಇದೆ.

ದೊಡ್ಡ ಪರೀಕ್ಷೆ ಬಂದದ್ದು ಎಂಬತ್ತರ ದಶಕದಲ್ಲಿ. ಗಣಿಗಾರಿಕೆಗೆ ನಿಯಮ ಮಾಡಿ ಅವಕಾಶ ಕೊಡೋಣ ಅಂತ ವರ್ಷಗಟ್ಟಲೆ ಕೂತು 1988ರಲ್ಲಿ ಕರಡನ್ನೂ ಸಿದ್ಧ ಮಾಡಿಬಿಟ್ಟಿದ್ದರು. ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ ಒಪ್ಪಲಿಲ್ಲ, ಅದು ಅಲ್ಲೇ ಬಿದ್ದುಹೋಯಿತು. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಹೊಸ ಒಪ್ಪಂದ ಆಯಿತು. ಸಂಶೋಧನೆ ಬಿಟ್ಟು ಖನಿಜದ ಯಾವ ಕೆಲಸವೂ ಅಲ್ಲಿ ಇಲ್ಲ. 2048ಕ್ಕೆ ಈ ನಿಷೇಧ ಮುಗಿದೇಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸುಳ್ಳು. ಆ ವರ್ಷದ ನಂತರ ಮರುಪರಿಶೀಲನೆ ಕೇಳಬಹುದು, ಅಷ್ಟೇ.

ಈಗ ಬನ್ನಿ, ನಮ್ಮೂರಿಗೆ.

ಚಾಮರಾಜನಗರದ ಕರಿಕಲ್ಲು ದೇಶ ದೇಶಕ್ಕೆ ಹೋಗಿದೆ. ಅದು ಹೆಮ್ಮೆಯೇ. ಕಲ್ಲೇ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆ ಕಟ್ಟೋಕೆ, ರಸ್ತೆ ಹಾಕೋಕೆ ಜಲ್ಲಿ ಬೇಕು, ಸಾವಿರಾರು ಜನರ ಅನ್ನ ಅದರಲ್ಲಿದೆ. ಆದರೆ 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗಣಿಯ ಬಂಡೆ ಕುಸಿದು, ಹೊಟ್ಟೆಪಾಡಿಗೆ ಬಂದಿದ್ದ ಕಾರ್ಮಿಕರು ಅದರಡಿ ಸತ್ತರಲ್ಲ, ಅವರ ಅನ್ನದ ಲೆಕ್ಕ ಯಾರು ಕೊಡಬೇಕು? ನಾಲ್ಕು ದಿನ ನಾವೂ ತೋರಿಸಿದೆವು. ಐದನೇ ದಿನ ಬೇರೆ ಸುದ್ದಿ ಬಂತು.

ಅಂಟಾರ್ಕ್ಟಿಕಾದಂತೆ ಎಲ್ಲ ಬಂದ್ ಮಾಡಿ ಅನ್ನೋದಲ್ಲ. ಅಲ್ಲಿಂದ ಕಲಿಯಬೇಕಾದದ್ದು ಎರಡೇ ಎರಡು.

ಒಂದು, ಇಲ್ಲಿ ಮಾತ್ರ ಬೇಡ ಅಂತ ಗೆರೆ ಎಳೆಯೋ ಧೈರ್ಯ. ಅದು ನಮಗೆ ಹೊಸದೇನಲ್ಲ. 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ತುರ್ತು ವಾಹನ, ಕೆಲವು ಬಸ್ ಬಿಟ್ಟರೆ ಸಂಚಾರ ಇಲ್ಲ. ಎಷ್ಟು ಒತ್ತಡ ಬಂತು, ಎಷ್ಟು ಗಲಾಟೆ ಆಯಿತು! ಗೆರೆ ನಿಂತಿದೆ. ಆನೆ ರಸ್ತೆ ದಾಟುತ್ತಿದೆ.

ಎರಡನೆಯದು ತಪಾಸಣೆ. ಅಂಟಾರ್ಕ್ಟಿಕಾ ಒಪ್ಪಂದದ ಪ್ರಕಾರ ರಷ್ಯಾದವರ ಕೇಂದ್ರಕ್ಕೆ ಅಮೆರಿಕದ ವೀಕ್ಷಕರು ಯಾವಾಗ ಬೇಕಾದರೂ ಹೋಗಿ ಬಾಗಿಲು ತೆರೆಸಿ ನೋಡಬಹುದು. ಅಮೆರಿಕದವರ ಕೇಂದ್ರಕ್ಕೆ ರಷ್ಯಾದವರೂ ಹೋಗಬಹುದು. ಶತ್ರುಗಳೇ ಒಬ್ಬರಿಗೊಬ್ಬರು ಬಾಗಿಲು ತೆರೆದಿಟ್ಟರು. ಒಪ್ಪಂದ ಉಳಿದದ್ದು ಅದಕ್ಕೇ.

ನಮ್ಮಲ್ಲಿ? ಪಕ್ಕದ ಹೊಲದ ರೈತ ಗಣಿಯ ಗೇಟು ತಟ್ಟಿ, "ಎಷ್ಟು ಆಳ ತೆಗೆದಿದ್ದೀರಿ, ಪರ್ಮಿಟ್ ಎಷ್ಟಕ್ಕಿದೆ, ತೋರಿಸಿ" ಅಂತ ಕೇಳಬಹುದಾ? ಕೇಳಿದರೆ ಅವನು ಸುರಕ್ಷಿತವಾಗಿ ಮನೆಗೆ ಬರುತ್ತಾನಾ? ಯಾರೂ ವಾಸ ಮಾಡದ ಖಂಡಕ್ಕೆ ಇಷ್ಟು ಕಾವಲಿರುವಾಗ, ಜನ ಇರುವ ಊರಿಗೆ ಯಾಕಿಲ್ಲ? ಪ್ರತಿ ಗಣಿಯ ಅಳತೆ ಗ್ರಾಮ ಪಂಚಾಯ್ತಿ ಬೋರ್ಡಿನ ಮೇಲೆ ಬರಲಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಇದಕ್ಕೆ ಹಡಗು ಬೇಡ, ಕೋಟಿ ರೂಪಾಯಿ ಬೇಡ. ಒಂದು ಅಳತೆಪಟ್ಟಿ, ಒಂದು ಬೋರ್ಡು ಸಾಕು.