ಮಗುವಿಗೆ ನಾಥರು ಯಾರು?

‘ಅನಾಥ’ ಎಂಬ ಶಬ್ದವನ್ನು ತಂದೆತಾಯಿಗಳನ್ನು ಕಳೆದುಕೊಂಡ ಮಗುವಿಗೆ ಹೇಳುವುದು ರೂಢಿ. ಬಿಡಿಸಿ ನೋಡಿದರೆ ಅದು ನಾಥರಿಲ್ಲದವರು, ಎಂದರೆ ‘ಈ ಮಗು ನನ್ನ ಹೊಣೆ’ ಎನ್ನುವವರು ಯಾರೂ ಇಲ್ಲದವರು ಎಂದಾಗುತ್ತದೆ. ಈ ಅರ್ಥದಲ್ಲಿ ತಾಯಿ ಬದುಕಿದ್ದೂ ಅನಾಥವಾದ ಮಗುವುಂಟು; ಸರ್ಕಾರದ ಬಾಲಮಂದಿರದಲ್ಲಿ ಉಂಡುಟ್ಟು ಬೆಳೆಯುತ್ತಲೇ ಅನಾಥವಾಗಿ ಉಳಿದ ಮಗುವೂ ಉಂಟು. ಇಂಥ ಮಕ್ಕಳಿಗಾಗಿ ನಮ್ಮ ಜಿಲ್ಲೆಗಳಲ್ಲಿರುವ ಏರ್ಪಾಡು ಎಂಥದು, ಅದು ಎಲ್ಲಿ ಸೊರಗಿದೆ ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಕಾನೂನಿಗೇನೋ ಕೊರತೆಯಿಲ್ಲ. ನಮ್ಮ ರಾಜ್ಯದಲ್ಲಿ 1964ರಲ್ಲಿಯೇ ಮಕ್ಕಳ ಕಾಯಿದೆಯಾಯಿತು. ಆಮೇಲೆ ಕೇಂದ್ರದ ಬಾಲನ್ಯಾಯ ಕಾಯಿದೆಗಳು 1986ರಲ್ಲಿ, 2000ದಲ್ಲಿ, ಮತ್ತೆ 2015ರಲ್ಲಿ ಬಂದವು. ಈಗ ನಡೆಯುತ್ತಿರುವುದು 2015ರದು. ಅದರಂತೆ ಜಿಲ್ಲೆಗೊಂದಾದರೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅದಕ್ಕೆ ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ದಿಕ್ಕಿಲ್ಲದೆ ಸಿಕ್ಕ ಮಗುವನ್ನು, ಪ್ರಯಾಣದ ಕಾಲವನ್ನು ಬಿಟ್ಟು, 24 ಗಂಟೆಗಳೊಳಗೆ ಈ ಸಮಿತಿಯ ಮುಂದೆ ತರಬೇಕು. ಅದರ ಮನೆಯ ಸ್ಥಿತಿಗತಿಯನ್ನು ವಿಚಾರಿಸಿ 15 ದಿನಗಳಲ್ಲಿ ವರದಿ ಬರೆಯಬೇಕು. ಮಗುವನ್ನು ನಿಲಯಕ್ಕೆ ಸೇರಿಸುವುದು ಕಟ್ಟಕಡೆಯ ಉಪಾಯವೇ ಹೊರತು ಮೊದಲನೆಯದಲ್ಲ.

ಇದು ನಡೆಯುವ ಬಗೆಯನ್ನು ಒಂದು ದೃಷ್ಟಾಂತದಿಂದ ನೋಡೋಣ. ಎಂಟನೆಯ ತರಗತಿಯ ಒಬ್ಬ ಹುಡುಗಿ. ತಂದೆ ತೀರಿಕೊಂಡಿದ್ದಾನೆ, ತಾಯಿ ಕೂಲಿಗೆ ಹೋಗುತ್ತಾಳೆ. ಹುಡುಗಿ ತಮ್ಮನನ್ನು ನೋಡಿಕೊಂಡು ಮನೆಯಲ್ಲಿಯೇ ಉಳಿದಳು. ಇನ್ನಾರು ತಿಂಗಳಿಗೆ ಅವಳ ಮದುವೆಯ ಮಾತು ಏಳುತ್ತದೆ. ಇವಳಿಗೆ ಬೇಕಾದುದು ಬಾಲಮಂದಿರವೇ? ಅಲ್ಲ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಬಡ ವಿಧವೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಸಿಗಲು ಅವಕಾಶವಿದೆ. ಅದು ಸಿಕ್ಕರೆ ಹುಡುಗಿ ತಾಯಿಯ ಮಡಿಲಲ್ಲಿಯೇ ಇದ್ದು ಶಾಲೆಗೆ ಮರಳಬಹುದು. ಆದರೆ ಆ ಮನೆಯ ಹೊಸ್ತಿಲು ತುಳಿದು, ತಾಯಿಯ ಮಾತು ಕೇಳಿ, ಅರ್ಜಿ ಬರೆಸಿ, ಹಣ ಬಂದಿತೇ, ಹುಡುಗಿ ಶಾಲೆಗೆ ಹೋದಳೇ ಎಂದು ಮತ್ತೆ ಹೋಗಿ ನೋಡುವವರು ಯಾರು?

ಇಲ್ಲಿದೆ ತೊಡಕು. ಈ ಕೆಲಸ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ಯೋಜನೆಯ ಮಾದರಿಯಂತೆ ಘಟಕದಲ್ಲಿ ಅಧಿಕಾರಿಗಳೂ ಆಪ್ತಸಮಾಲೋಚಕರೂ ಲೆಕ್ಕಿಗರೂ ಇದ್ದಾರೆ. ಊರೂರಿಗೆ ಹೋಗಬೇಕಾದ ಸಮಾಜ ಕಾರ್ಯಕರ್ತರು ಇಬ್ಬರು, ಕ್ಷೇತ್ರ ಕಾರ್ಯಕರ್ತರು ಇಬ್ಬರು. ರಾಜ್ಯದ 31 ಜಿಲ್ಲೆಗಳಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಜಿಲ್ಲೆಗೆ ಸರಾಸರಿ 190ರಷ್ಟಾಯಿತು. ನಾಲ್ಕು ಜನ ಎಷ್ಟು ಮನೆಯ ಕದ ತಟ್ಟಿಯಾರು? ಅವರ ಹುದ್ದೆಯಾದರೂ ಗುತ್ತಿಗೆಯದು. ಒಬ್ಬರು ಬಿಟ್ಟುಹೋದರೆ ಕಡತ ಉಳಿಯುತ್ತದೆ, ಪರಿಚಯ ಹೋಗುತ್ತದೆ. ಮಗು ತನ್ನ ದುಃಖವನ್ನು ಹೊಸಬರಿಗೆ ಮೊದಲಿನಿಂದ ಹೇಳಬೇಕು; ಎರಡು ಸಲ ಹೇಳಿದ ಮಗು ಮೂರನೆಯ ಸಲ ಬಾಯಿ ಬಿಡುವುದಿಲ್ಲ.

ಹೀಗಿರಲು, ಸಮಿತಿಗಳನ್ನು ಇನ್ನಷ್ಟು ಹೆಚ್ಚಿಸಿದರೆ ಸಾಲದೆ ಎಂದು ನೀವು ಕೇಳಬಹುದು. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆ ನಮ್ಮಲ್ಲಿದೆ. ಎಲ್ಲರ ಹೊಣೆ ಎಂದದ್ದು ಯಾರ ಹೊಣೆಯೂ ಆಗದೆ ಹೋಗುತ್ತದೆ. ಇದಕ್ಕೆ ಎದುರಾದ ಒಳ್ಳೆಯ ಉದಾಹರಣೆ ನಮ್ಮ ಅಂಗನವಾಡಿ. 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಅದು ಊರೂರಿಗೆ ಹಬ್ಬಿ ನಿಂತದ್ದು ಕಟ್ಟಡದ ಬಲದಿಂದಲ್ಲ. ಕಾರ್ಯಕರ್ತೆ ಅಲ್ಲಿಯವಳೇ, ಯಾವ ಮನೆಯ ಕೂಸು ಯಾವುದು, ಯಾವುದರ ತೂಕ ಇಳಿದಿದೆ ಎಂಬುದನ್ನು ಅವಳು ಬಲ್ಲಳು. ಆರು ವರ್ಷ ತುಂಬಿ ಅಂಗನವಾಡಿಯಿಂದ ಹೊರಬಿದ್ದ ಮಗುವಿಗೆ ಅಂಥ ಬಲ್ಲವರು ಇಲ್ಲ.

ಆದಕಾರಣ ಆಗಬೇಕಾದುದು ಮೂರು. ಮೊದಲನೆಯದು, ಕ್ಷೇತ್ರದಲ್ಲಿ ದುಡಿಯುವವರ ಸಂಖ್ಯೆ ಹೆಚ್ಚಬೇಕು. ಜಿಲ್ಲೆಗೆ ಇಬ್ಬರಲ್ಲ, ತಾಲ್ಲೂಕಿಗೊಬ್ಬರಾದರೂ ಇರಬೇಕು. ಎರಡನೆಯದು, ಅವರ ಉದ್ಯೋಗಕ್ಕೆ ಭದ್ರತೆ ಬೇಕು. ನಾಳೆ ತನ್ನ ಗತಿಯೇನೆಂದು ಅರಿಯದವರು ಮಗುವಿನ ನಾಳೆಯನ್ನು ಹೇಗೆ ಕಾದಾರು? ಮೂರನೆಯದು, ಗ್ರಾಮ ಪಂಚಾಯಿತಿಯೇ ಮೊದಲ ಬಾಗಿಲಾಗಬೇಕು. ಮಕ್ಕಳ ಗ್ರಾಮಸಭೆಯನ್ನು ವರ್ಷಕ್ಕೊಮ್ಮೆ ನಡೆಸುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಏನಾಯಿತೆಂಬ ಉತ್ತರವನ್ನು ಮರುವರ್ಷದ ಸಭೆಯಲ್ಲಿ ಓದಿ ಹೇಳಲಿ. ಆಗ ಸಭೆ ಹಾರ ತುರಾಯಿಗಳಲ್ಲಿ ಮುಗಿಯದು.

ಉಳಿದದ್ದು ನಮ್ಮ ನಿಮ್ಮ ಪಾಲಿನದು. ಉಪಾಧ್ಯಾಯನ ಹಾಜರಿ ಪುಸ್ತಕ ಬರಿಯ ಲೆಕ್ಕದ ಪುಸ್ತಕವಲ್ಲ. ಸಾಲಾಗಿ ಹತ್ತು ದಿನ ಗೈರುಹಾಜರಿಯ ಗುರುತು ಬಿದ್ದರೆ ಅದು ಮಗುವಿನ ಮೊರೆಯೇ ಸರಿ. ನೆರೆಮನೆಯ ಮಗು ಕೆಲಸಕ್ಕೆ ಹೋದುದು, ಪೆಟ್ಟು ತಿಂದುದು, ಸದ್ದಿಲ್ಲದೆ ಮದುವೆಗೆ ಸಿದ್ಧವಾದುದು ನಿಮ್ಮ ಕಣ್ಣಿಗೂ ಬಿದ್ದೀತು. 1996ರಲ್ಲಿ ಮುಂಬಯಿಯಲ್ಲಿ ಮೊದಲಾಗಿ ಈಗ ದೇಶದ ತುಂಬ ಇರುವ ಮಕ್ಕಳ ಸಹಾಯವಾಣಿಯ ಸಂಖ್ಯೆ 1098, ಕರೆಗೆ ಕಾಸಿಲ್ಲ. ಕರೆ ಮಾಡಿದ ಮೇಲೆ, ಮುಂದೇನಾಯಿತೆಂದು ಒಂದು ವಾರ ಬಿಟ್ಟು ನೀವೇ ವಿಚಾರಿಸಿ. ‘ಆ ಮಗು ಏನಾಯಿತು?’ ಎಂದು ಕೇಳುವವರು ಊರಿಗೊಬ್ಬರಿದ್ದರೂ ಆ ಊರಿನ ಮಗು ಅನಾಥವಾಗಲಾರದು.