ಕೇಳದೆ ಕೊಟ್ಟ ಮಾತ್ರೆ

ವೈದ್ಯ ಮಿತ್ರರೇ, ಮುಖ್ಯವಾಗಿ ಫಾರ್ಮಸಿಸ್ಟ್ ಮಿತ್ರರೇ,

ಮುಖ್ಯವಾಗಿ ಅಂದೆ, ಯಾಕೆಂದರೆ ನಿಮಿರು ದೌರ್ಬಲ್ಯದ ಚಿಕಿತ್ಸೆ ನಮ್ಮೂರುಗಳಲ್ಲಿ ಎಷ್ಟೋ ಸಲ ಶುರುವಾಗುವುದು ವೈದ್ಯರ ಕೋಣೆಯಲ್ಲಲ್ಲ, ನಿಮ್ಮ ಕೌಂಟರಿನಲ್ಲಿ. ಅಂಗಡಿಯಲ್ಲಿ ಹೆಂಗಸರಿದ್ದರೆ ಗಿರಾಕಿ ರಸ್ತೆಯಾಚೆ ನಿಂತು ಕಾಯುತ್ತಾನೆ. ಖಾಲಿಯಾದ ಮೇಲೆ ಬಂದು ಹಳೆಯ ಸ್ಟ್ರಿಪ್ಪಿನ ಹರಿದ ತುಂಡು ತೋರಿಸುತ್ತಾನೆ, ಇಲ್ಲವೇ ‘ಹಂಡ್ರೆಡ್ ಕೊಡಿ’ ಅನ್ನುತ್ತಾನೆ. ಅಂಗಡಿಯ ಹುಡುಗ ಕಾಗದದ ಕವರಿಗೆ ಹಾಕಿ ಕೊಡುತ್ತಾನೆ. ಇಬ್ಬರೂ ಮುಖ ನೋಡಿಕೊಳ್ಳುವುದಿಲ್ಲ. ಆ ಕವರಿನಲ್ಲಿರುವ ಸಿಲ್ಡೆನಾಫಿಲ್ ಶೆಡ್ಯೂಲ್ ಎಚ್ ಪಟ್ಟಿಯ ಔಷಧ, ಚೀಟಿ ಇಲ್ಲದೆ ಮಾರುವಂತಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಇಲ್ಲಿ ಕಾನೂನು ಮುರಿಯಿತು ಎಂಬುದಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಬೇರೆ ಕಾರಣಕ್ಕೆ. ಆ ಮನುಷ್ಯನ ಬಿ.ಪಿ.ಯನ್ನು ಯಾರೂ ನೋಡಲಿಲ್ಲ. ಸಕ್ಕರೆ ನೋಡಲಿಲ್ಲ. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಲಿಲ್ಲ.

‘ಹಂಡ್ರೆಡ್’ ಎಂಬ ಮಾತನ್ನೇ ನೋಡಿ. ದೊಡ್ಡ ಸಂಖ್ಯೆ ಎಂದರೆ ದೊಡ್ಡ ಫಲ ಎಂದು ಜನ ತಿಳಿದಿದ್ದಾರೆ. ಸಿಲ್ಡೆನಾಫಿಲ್ ಶುರು ಮಾಡುವುದು ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ. 65 ದಾಟಿದವರಿಗೆ, ಲಿವರ್ ಅಥವಾ ಕಿಡ್ನಿ ಸೊರಗಿದವರಿಗೆ 25. ನೂರು ಎಂಬುದು ಮೇಲಿನ ಗಡಿ, ಅದೂ ದಿನಕ್ಕೆ ಒಂದೇ ಸಲ. ಭಾರೀ ಜಿಡ್ಡಿನ ಊಟದ ಮೇಲೆ ನುಂಗಿದರೆ ಮಾತ್ರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಕೆಲಸ ಮಾಡಲಿಲ್ಲ ಎಂದು ಇನ್ನೊಂದು ನುಂಗುವವರೂ ಇದ್ದಾರೆ. ಆಸೆಯೇ ಇಲ್ಲದಲ್ಲಿ ಇದು ಆಸೆ ಹುಟ್ಟಿಸುವುದಿಲ್ಲ ಎಂಬ ಸರಳ ಸಂಗತಿಯನ್ನೂ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ.

ಈ ಔಷಧದ ಹುಟ್ಟಿನಲ್ಲೇ ಒಂದು ವಿಚಿತ್ರವಿದೆ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸ್ಯಾಂಡ್‌ವಿಚ್ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯದವರು ಇದನ್ನು ಹುಡುಕುತ್ತಿದ್ದದ್ದು ಎದೆನೋವಿಗೆ. ಅದಕ್ಕೆ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ, ಆದರೆ ಪರೀಕ್ಷೆಗೆ ಒಪ್ಪಿದ್ದ ಗಂಡಸರು ಬೇರೆಯದೇ ಪರಿಣಾಮ ವರದಿ ಮಾಡಿದರು. 1998ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳಿಗೆ ಸಂದೇಶ ಒಯ್ಯುತ್ತದೆ ಎಂದು ತೋರಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಅವರಿಗೆ ನೊಬೆಲ್ ಬಂತು. ಎದೆನೋವಿಗಾಗಿ ಹುಟ್ಟಿದ ಮಾತ್ರೆಗೆ ಇವತ್ತು ಅತಿ ದೊಡ್ಡ ವೈರಿ ಎದೆನೋವಿನ ಮಾತ್ರೆಯೇ.

ಯಾಕೆ? ನೈಟ್ರಿಕ್ ಆಕ್ಸೈಡ್ ಬಂದಾಗ ರಕ್ತನಾಳದ ಗೋಡೆಯೊಳಗೆ ಸಿಜಿಎಂಪಿ ಎಂಬ ರಾಸಾಯನಿಕ ಏರುತ್ತದೆ, ನಾಳ ಸಡಿಲಗೊಳ್ಳುತ್ತದೆ. ಪಿಡಿಇ-5 ಎಂಬ ಕಿಣ್ವ ಆ ರಾಸಾಯನಿಕವನ್ನು ಒಡೆದು ಇಳಿಸುತ್ತದೆ. ಸಿಲ್ಡೆನಾಫಿಲ್, ಅದೇ ಬಗೆಯ ಟಾಡಾಲಾಫಿಲ್ ಈ ಕಿಣ್ವವನ್ನು ತಡೆಯುತ್ತವೆ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ನೈಟ್ರಿಕ್ ಆಕ್ಸೈಡನ್ನೇ ಸುರಿಯುತ್ತದೆ. ಎರಡೂ ಒಟ್ಟಾದರೆ ಮೇಲಿನಿಂದ ಕೆರೆಗೆ ನೀರು ಬಿಟ್ಟು ತೂಬನ್ನೂ ಮುಚ್ಚಿದ ಹಾಗೆ. ಮೈಯ ನಾಳಗಳೆಲ್ಲ ಒಮ್ಮೆಗೇ ಸಡಿಲಾಗಿ ರಕ್ತದೊತ್ತಡ ಕುಸಿಯುತ್ತದೆ, ಹೃದಯಕ್ಕೇ ರಕ್ತ ಸಾಲದಾಗುತ್ತದೆ. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಾಡಾಲಾಫಿಲ್ ನುಂಗಿ 48 ಗಂಟೆ ಆಗುವವರೆಗೆ ಸಾರ್ಬಿಟ್ರೇಟಿನಂಥ ನೈಟ್ರೇಟ್ ಕೊಡಬಾರದು. ದಿನವೂ ನೈಟ್ರೇಟ್ ನುಂಗುವವರಿಗಂತೂ ಈ ಮಾತ್ರೆಗಳು ಬೇಡವೇ ಬೇಡ. ಐವತ್ತು ದಾಟಿದ ಎಷ್ಟು ಜನರ ಷರ್ಟಿನ ಜೇಬಿನಲ್ಲಿ ‘ಇರಲಿ’ ಎಂದು ಒಂದು ಸಾರ್ಬಿಟ್ರೇಟ್ ಇರುತ್ತದೆ, ಯೋಚಿಸಿ. ವಾಟ್ಸ್‌ಆ್ಯಪ್ ಓದಿ ಇಟ್ಟುಕೊಂಡದ್ದು. ಅದನ್ನು ಅವರು ‘ಔಷಧ ತಗೊಳ್ತಿದ್ದೀನಿ’ ಎಂಬ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್, ಬಿ.ಪಿ.ಗೆ ಪ್ರಾಜೋಸಿನ್ ತೆಗೆದುಕೊಳ್ಳುವವರು ಈ ಮಾತ್ರೆಗಳನ್ನೂ ನುಂಗಿದರೆ ಎದ್ದು ನಿಂತಾಗ ತಲೆ ತಿರುಗಬಹುದು. ಇಲ್ಲಿ ಪ್ರಮಾಣ ತಗ್ಗಿಸಿ ಶುರು ಮಾಡಿದರೆ ದಾರಿಯಿದೆ. ಕೀಟೋಕೊನಜೋಲ್, ಎರಿತ್ರೋಮೈಸಿನ್, ರಿಟೊನವಿರ್ ಜೊತೆ ಸೇರಿದರೆ ಸಿಲ್ಡೆನಾಫಿಲ್ ರಕ್ತದಲ್ಲಿ ಏರಿ ಕೂರುತ್ತದೆ. ತಲೆನೋವು, ಮುಖ ಕೆಂಪೇರುವುದು, ಮೂಗು ಕಟ್ಟುವುದು ಸಾಮಾನ್ಯ. ಒಮ್ಮೆಗೇ ಕಣ್ಣು ಕತ್ತಲಾದರೆ, ಕಿವಿ ಕೇಳದಾದರೆ, ನಿಮಿರುವಿಕೆ ನಾಲ್ಕು ಗಂಟೆ ದಾಟಿದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಓಡಬೇಕು. ಈ ಪಟ್ಟಿಯನ್ನು ಮಧ್ಯಾಹ್ನದ ಗೋಷ್ಠಿಯವರು ವಿವರವಾಗಿ ಹೇಳುತ್ತಾರೆ, ನಾನು ಬೆಳೆಸುವುದಿಲ್ಲ.

ನಾಚಿಕೆ ಬಿಡುವ ಮಾತು ಬಂತಲ್ಲ, 1983ರಲ್ಲಿ ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ಅವರು ಲಾಸ್ ವೇಗಾಸ್‌ನಲ್ಲಿ ಮೂತ್ರರೋಗ ತಜ್ಞರ ಸಮ್ಮೇಳನಕ್ಕೆ ನಿಮಿರುವಿಕೆ ತರುವ ಇಂಜೆಕ್ಷನ್ ಚುಚ್ಚಿಕೊಂಡೇ ಬಂದು, ವೇದಿಕೆಯ ಮೇಲೆ ಪ್ಯಾಂಟು ಇಳಿಸಿ ಫಲಿತಾಂಶ ತೋರಿಸಿದ್ದರು. ಇಂದಿನ ಸಂಘಟಕರು ಗಾಬರಿಯಾಗಬೇಕಿಲ್ಲ, ನನ್ನದು ಬರೀ ಮಾತು. ಆದರೆ ಬ್ರಿಂಡ್ಲಿಯವರ ಧೈರ್ಯದಲ್ಲಿ ನೂರರಲ್ಲೊಂದು ಪಾಲು ನಮ್ಮ ಒ.ಪಿ.ಡಿ.ಗಳಲ್ಲಿದ್ದರೆ ಸಾಕಿತ್ತು. ಒಬ್ಬ ರೋಗಿ ಸ್ಟೂಲಿನ ಮೇಲೆ, ಮುಂದಿನವನು ಅವನ ಹೆಗಲ ಹಿಂದೆ, ಬಾಗಿಲಲ್ಲಿ ಇನ್ನೂ ನಾಲ್ಕು ಜನ. ಅಲ್ಲಿ ಯಾವ ಗಂಡಸು ಬಾಯಿ ಬಿಟ್ಟಾನು? ಆದ್ದರಿಂದ ಕೇಳಬೇಕಾದವರು ನಾವು. ಸಕ್ಕರೆ ಕಾಯಿಲೆಯವರನ್ನು ‘ಕಾಲು ಜೋಮು ಹಿಡಿಯುತ್ತಾ, ಕಣ್ಣು ಮಂಜಾಗಿದೆಯಾ’ ಎಂದು ಕೇಳುವ ಉಸಿರಿನಲ್ಲೇ ನಿಮಿರು ದೌರ್ಬಲ್ಯದ ಬಗ್ಗೆಯೂ ಕೇಳಿದರೆ ಅದು ಇನ್ನೊಂದು ಸಾಮಾನ್ಯ ಪ್ರಶ್ನೆಯಾಗಿಬಿಡುತ್ತದೆ.

ಹಾಗೆ ಕೇಳುವುದರಲ್ಲಿ ನಮಗೊಂದು ಸ್ವಾರ್ಥವೂ ಇದೆ. ಶಿಶ್ನದ ಅಪಧಮನಿಗಳ ಅಗಲ ಒಂದೆರಡು ಮಿಲಿಮೀಟರ್, ಹೃದಯದ ಕೊರೊನರಿ ನಾಳಗಳದು ಮೂರ್ನಾಲ್ಕು. ನಾಳಗಳು ಕಟ್ಟಿಕೊಳ್ಳತೊಡಗಿದಾಗ ಸಣ್ಣದರಲ್ಲಿ ತೊಂದರೆ ಮೊದಲು ಕಾಣುತ್ತದೆ ಎಂಬುದು ಹೆಚ್ಚಿನ ತಜ್ಞರು ಕೊಡುವ ವಿವರಣೆ. ಎಷ್ಟೋ ಗಂಡಸರಲ್ಲಿ ನಿಮಿರು ದೌರ್ಬಲ್ಯ ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ ಬರುತ್ತದೆ. ಅಷ್ಟು ಸಮಯ ನಮ್ಮ ಕೈಯಲ್ಲಿರುತ್ತದೆ. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ನೋಡಿ, ಬೀಡಿ ಸಿಗರೇಟು ಬಿಡಿಸಿ, ಎರಡು ಮಹಡಿ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆಯೇ ಎಂದು ವಿಚಾರಿಸಿ ಆಮೇಲೆ ಬರೆದ ಚೀಟಿ ಇದೆಯಲ್ಲ, ನನ್ನ ಲೆಕ್ಕದಲ್ಲಿ ಮಾತ್ರೆಗಿಂತ ಅದರ ಬೆಲೆ ಹೆಚ್ಚು. ಹೊಸದಾಗಿ ಮದುವೆಯಾದ ಇಪ್ಪತ್ತೈದರ ಹುಡುಗನ ಕಥೆ ಬೇರೆ. ಅವನಿಗೆ ಅನೇಕ ಸಲ ಬೇಕಿರುವುದು ಭಯ ಬಿಡಿಸುವ ಅರ್ಧ ಗಂಟೆ.

ಅವನಿಗೆ ಆ ಅರ್ಧ ಗಂಟೆ ಯಾರು ಕೊಡುತ್ತಾರೆ? ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಗೆ ಅಂಟಿಸಿದ ‘ಗುಪ್ತರೋಗ’ದ ಚೀಟಿಯವರು ಕೊಡುತ್ತಾರೆ. ಇಂಥ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಗೋಡೆಗೆ ಅದು ತಿಳಿಯದು. ಆಯುರ್ವೇದದ ಮೇಲೆ ನನ್ನ ತಕರಾರಿಲ್ಲ. ಲೇಬಲಿನ ಮೇಲೆ ಇಲ್ಲದ್ದು ಡಬ್ಬಿಯೊಳಗೆ ಇರುವುದರ ಮೇಲೆ ತಕರಾರು. ‘ಗಿಡಮೂಲಿಕೆ ಮಾತ್ರ’ ಎಂದು ಮಾರುವ ಸರಕಿನಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಅಮೆರಿಕದ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಮಾಡಿದೆ. ಗಿಡಮೂಲಿಕೆಯಲ್ಲವೇ ಎಂದು ಹೃದ್ರೋಗಿ ಅದನ್ನು ನುಂಗುತ್ತಾನೆ, ಡಾಕ್ಟರಿಗೆ ಹೇಳುವುದಿಲ್ಲ.

ಸಿಂಗಪುರದ ಘಟನೆ ಇದಕ್ಕಿಂತ ಘೋರ. 2008ರ ಮೊದಲ ಐದು ತಿಂಗಳಲ್ಲಿ ಅಲ್ಲಿನ ಐದು ಸರ್ಕಾರಿ ಆಸ್ಪತ್ರೆಗಳಿಗೆ ಸಕ್ಕರೆ ಕಾಯಿಲೆಯೇ ಇಲ್ಲದ 150 ಜನ ರಕ್ತದ ಸಕ್ಕರೆ ಕುಸಿದು ಬಂದರು, ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಏಳು ಜನಕ್ಕೆ ಪ್ರಜ್ಞೆ ಮರಳಲಿಲ್ಲ, ನಾಲ್ವರು ತೀರಿಕೊಂಡರು. ತಪಾಸಿಸಿದಾಗ ಸಿಕ್ಕಿದ್ದು ಲೈಂಗಿಕ ಶಕ್ತಿಗೆಂದು ಕಳ್ಳದಾರಿಯಲ್ಲಿ ಮಾರುತ್ತಿದ್ದ ಮಾತ್ರೆಗಳು. ಅವುಗಳಲ್ಲಿ ಸಕ್ಕರೆ ಇಳಿಸುವ ಗ್ಲೈಬೆನ್‌ಕ್ಲಮೈಡ್ ಭಾರೀ ಪ್ರಮಾಣದಲ್ಲಿ ಸೇರಿತ್ತು. ಏನು ನುಂಗಿದ್ದೆವು ಎಂಬುದನ್ನು ಒಪ್ಪಿಕೊಂಡ ರೋಗಿಗಳು ಸ್ವಲ್ಪವೇ ಮಂದಿ. ನಾಚಿಕೆ ವೈದ್ಯರ ಕೈಯನ್ನೂ ಕಟ್ಟಿಹಾಕಿತ್ತು.

ಇಂದಿನ ಮೊದಲ ಗೋಷ್ಠಿ ತುರ್ತು ಚಿಕಿತ್ಸಾ ವಿಭಾಗದವರದು, ಆದ್ದರಿಂದ ಅವರಿಗೆ ನನ್ನದೊಂದು ಬೇಡಿಕೆ. ಎದೆನೋವು ಎಂದು ರಾತ್ರಿ ಬಂದ ಗಂಡಸಿನ ಕೇಸ್ ಶೀಟಿನಲ್ಲಿ, ನೈಟ್ರೇಟ್ ಬರೆಯುವ ಸಾಲಿನ ಮೇಲ್ಗಡೆ, ‘ಕಳೆದ ಎರಡು ದಿನಗಳಲ್ಲಿ ಗಂಡಸ್ತನಕ್ಕೆಂದು ಯಾವುದಾದರೂ ಮಾತ್ರೆ, ಪುಡಿ, ಲೇಹ್ಯ?’ ಎಂಬ ಪ್ರಶ್ನೆಯನ್ನು ಅಚ್ಚು ಹಾಕಿಸಿ. ಅದನ್ನು ಕೇಳುವ ಮುಂಚೆ ಹೆಂಡತಿ, ಮಕ್ಕಳು, ಅಳಿಯನನ್ನು ಒಂದು ನಿಮಿಷ ಹೊರಗೆ ಕಳಿಸಿ.